ಒಡೆಯುವ ಸರಕು, ತಡೆಯುವ ನಾರು

ತಿಪಟೂರಿನಲ್ಲಿ ತುಂಬಿದ ಕೊಬ್ಬರಿ ಎಣ್ಣೆಯ ಗಾಜಿನ ಬಾಟಲಿ ದಿಲ್ಲಿಯ ಗಿರಾಕಿಯ ಮನೆ ಸೇರುವಷ್ಟರಲ್ಲಿ ಹತ್ತಾರು ಸಲ ಏರಿ ಇಳಿದಿರುತ್ತದೆ. ಮೊದಲು ಊರಿನ ಕೊರಿಯರ್ ಅಂಗಡಿಯ ತೂಕದ ಯಂತ್ರ, ಅಲ್ಲಿಂದ ಗೂಡ್ಸ್ ಆಟೊ, ಆಮೇಲೆ ನಗರದ ವಿಂಗಡಣಾ ಕೇಂದ್ರದಲ್ಲಿ ಓಡುವ ಪಟ್ಟಿ, ಮುಂದೆ ದೂರದ ಲಾರಿ, ಕೊನೆಗೆ ಮನೆ ಬಾಗಿಲಿಗೆ ಬರುವ ಬೈಕಿನ ಚೀಲ. ಈ ಒಂದೊಂದು ಹಂತದಲ್ಲೂ ಪಾರ್ಸಲ್ ಬೀಳಬಹುದು, ಅಲುಗಬಹುದು, ಬೇರೆ ಪೆಟ್ಟಿಗೆಗಳ ಅಡಿಯಲ್ಲಿ ನಲುಗಬಹುದು, ಬಿಸಿಲಿಗೆ ಕಾಯಬಹುದು, ಮಳೆಯಲ್ಲಿ ತೇವವಾಗಬಹುದು. ಆನ್‌ಲೈನ್ ಮಾರಾಟಗಾರರ ಸರಕು ಒಡೆಯುವುದು ಈ ಐದು ಕಾರಣಗಳಿಂದಲೇ. ಐದಕ್ಕೂ ಭೌತವಿಜ್ಞಾನದಲ್ಲಿ ವಿವರಣೆ ಇದೆ, ಐದಕ್ಕೂ ಉಪಾಯ ಇದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಇದು ದೂರದ ವಿಷಯವಲ್ಲ. ತುಮಕೂರು ಜಿಲ್ಲೆಯ ಈ ಭಾಗಕ್ಕೆ ಕಲ್ಪತರು ನಾಡು ಎಂಬ ಹೆಸರು ಬಂದದ್ದೇ ತೆಂಗಿನಿಂದ. ಇಲ್ಲಿನ ಉಂಡೆ ಕೊಬ್ಬರಿ ಬಹುಕಾಲದಿಂದ ಗೋಣಿಚೀಲದಲ್ಲಿ ತುಂಬಿ ಉತ್ತರ ಭಾರತಕ್ಕೆ ಹೋಗುತ್ತಿದೆ. ಚೀಲಗಟ್ಟಲೆ ಹೋಗುವ ಸರಕಿನಲ್ಲಿ ಒಂದೆರಡು ಉಂಡೆ ಒಡೆದರೆ ಅದು ಲೆಕ್ಕದೊಳಗಿನ ನಷ್ಟ. ಆದರೆ ಅದೇ ಕೊಬ್ಬರಿಯನ್ನು ಅರ್ಧ ಕಿಲೋ ಪೊಟ್ಟಣವಾಗಿ, ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ, ಚಿಪ್ಪಿನಿಂದ ಮಾಡಿದ ಬಟ್ಟಲು ಮತ್ತು ದೀಪವನ್ನು ಒಂದೊಂದಾಗಿ ಮನೆಮನೆಗೆ ಕಳಿಸುವಾಗ ಒಂದು ಒಡೆದರೆ ಆ ಗಿರಾಕಿಯ ಪಾಲಿಗೆ ಪೂರ್ತಿ ಸರಕೇ ಒಡೆದಂತೆ. ಒಂದು ವರ್ಷ ಅಟ್ಟದ ಮೇಲೆ ಕಾದ ಕಾಯಿಯ ಬೆಲೆ ಒಂದು ಕ್ಷಣದ ಪೆಟ್ಟಿಗೆ ಹೋಗಬಾರದು. ಆ ಕ್ಷಣದಲ್ಲಿ ನಡೆಯುವುದೇನು ಎಂಬುದನ್ನು ಮೊದಲು ನೋಡಬೇಕು.

ಬೀಳುವುದಲ್ಲ, ನಿಲ್ಲುವುದು

ಎತ್ತರದಿಂದ ಬೀಳುತ್ತಿರುವ ವಸ್ತುವಿಗೆ ಬೀಳುತ್ತಿರುವಷ್ಟು ಹೊತ್ತು ಯಾವ ಅಪಾಯವೂ ಇಲ್ಲ. ಅಪಾಯ ಇರುವುದು ನಿಲ್ಲುವಾಗ. ಸುಮಾರು ಸೊಂಟದೆತ್ತರದಿಂದ, ಎಂದರೆ 76 ಸೆಂಟಿಮೀಟರಿನಿಂದ, ಜಾರಿದ ಪೆಟ್ಟಿಗೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಹೊತ್ತಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 14 ಕಿಲೋಮೀಟರು, ನಿಧಾನವಾಗಿ ತುಳಿಯುವ ಸೈಕಲ್ಲಿನಷ್ಟು. ಈ ವೇಗ ಸೊನ್ನೆಗೆ ಇಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಬಾಟಲಿಯ ಹಣೆಬರಹ ನಿಂತಿದೆ.

ಲೆಕ್ಕ ಸರಳ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ವಸ್ತು ತನ್ನ ತೂಕದ ಎಷ್ಟು ಪಟ್ಟು ಬಲವನ್ನು ಸರಾಸರಿ ತಡೆದುಕೊಳ್ಳಬೇಕಾಯಿತು ಎಂಬುದು ಬರುತ್ತದೆ. ಅರ್ಧ ಲೀಟರ್ ಎಣ್ಣೆ ತುಂಬಿದ ಗಾಜಿನ ಬಾಟಲಿ ಸುಮಾರು 800 ಗ್ರಾಂ ತೂಗುತ್ತದೆ ಎಂದುಕೊಳ್ಳಬಹುದು. ತೆಳು ರಟ್ಟಿನೊಳಗೆ ಬೇರೇನೂ ಇಲ್ಲದೆ ಬಿದ್ದು ಒಂದೇ ಮಿಲಿಮೀಟರಿನಲ್ಲಿ ನಿಂತರೆ ಅದು 760 ಪಟ್ಟು ಬಲ, ಅಂದರೆ ಆರುನೂರು ಕಿಲೋ ಭಾರ ಗಾಜಿನ ಮೇಲೆ ಕೂತಂತೆ. ಅದೇ ಬಾಟಲಿ ಎರಡು ಸೆಂಟಿಮೀಟರ್ ಮೆತ್ತಗೆ ಕುಸಿದು ನಿಂತರೆ 38 ಪಟ್ಟು, ಸುಮಾರು 30 ಕಿಲೋ ಭಾರ. ನಾಲ್ಕು ಸೆಂಟಿಮೀಟರ್ ಕುಸಿದರೆ 15 ಕಿಲೋ. ಸ್ಪ್ರಿಂಗಿನಂತೆ ಕುಸಿಯುವ ಮೆತ್ತೆಗಳಲ್ಲಿ ಪೆಟ್ಟಿನ ತುದಿ ಈ ಸರಾಸರಿಯ ಸುಮಾರು ಎರಡರಷ್ಟು ಏರುತ್ತದೆ. ಆದರೂ ಮಾತು ಬದಲಾಗುವುದಿಲ್ಲ: ನಿಲ್ಲಲು ಸಿಕ್ಕ ದೂರ ಇಪ್ಪತ್ತು ಪಟ್ಟಾದರೆ ಬಲ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪ್ಯಾಕಿಂಗ್ ಎಂಬ ಕೆಲಸದ ತಿರುಳು ಇಷ್ಟೇ. ಅದು ಸರಕಿನ ಸುತ್ತ ಗೋಡೆ ಕಟ್ಟುವ ಕೆಲಸವಲ್ಲ, ಸರಕಿಗೆ ನಿಧಾನವಾಗಿ ನಿಲ್ಲುವ ಜಾಗ ಒದಗಿಸುವ ಕೆಲಸ.

ಇದನ್ನು ಗಣಿತವಾಗಿ ಕಟ್ಟಿಕೊಟ್ಟವರಲ್ಲಿ ಮೊದಲಿಗರು ಅಮೆರಿಕದ ಎಂಜಿನಿಯರ್ ರೇಮಂಡ್ ಮಿಂಡ್ಲಿನ್. ಸಾಗಣೆಯ ಪೆಟ್ಟನ್ನು ಮೆತ್ತೆ ಹೇಗೆ ಹೀರುತ್ತದೆ ಎಂಬ ಅವರ ದೀರ್ಘ ಪ್ರಬಂಧ 1945ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಪ್ಯಾಕಿಂಗ್ ಶಾಸ್ತ್ರ ಬಹುಪಾಲು ಅದರ ಮೇಲೆ ಬೆಳೆದದ್ದು.

ಗಾಜಿನ ಮೈಮೇಲಿನ ಗೀರು

ಒಂದೇ ಪೆಟ್ಟಿಗೆ ಉಕ್ಕು ತಗ್ಗಾಗುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ, ಗಾಜು ಮಾತ್ರ ಚೂರಾಗುತ್ತದೆ. ಗಾಜು ದುರ್ಬಲ ಎಂಬುದು ಇದಕ್ಕೆ ಪೂರ್ತಿ ಉತ್ತರವಲ್ಲ. ಗಾಜಿನ ಕಣಗಳ ನಡುವಿನ ಬಂಧವನ್ನು ಲೆಕ್ಕ ಹಾಕಿದರೆ ಅದು ಬಹಳ ಗಟ್ಟಿಯಾಗಿರಬೇಕು. ನಿಜದ ಗಾಜಿನ ಬಲ ಆ ಲೆಕ್ಕದ ಸುಮಾರು ನೂರನೇ ಒಂದು ಪಾಲು ಮಾತ್ರ. ಈ ಅಂತರಕ್ಕೆ ಕಾರಣ ಹುಡುಕಿದವರು ಬ್ರಿಟನ್ನಿನ ಎ. ಎ. ಗ್ರಿಫಿತ್. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ, ಎಳೆತ ಬಿದ್ದಾಗ ಬಲವೆಲ್ಲ ಆ ಗೀರಿನ ತುದಿಯಲ್ಲಿ ಬಂದು ಸೇರುತ್ತದೆ, ಒಂದು ಮಿತಿ ದಾಟಿದ ಗೀರು ತಾನಾಗಿಯೇ ಓಡತೊಡಗುತ್ತದೆ ಎಂದು ಅವರು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಬಟ್ಟೆಯ ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಕೊಟ್ಟರೆ ಉಳಿದದ್ದು ಕೈಯಲ್ಲೇ ಹರಿಯುವುದಿಲ್ಲವೇ, ಹಾಗೆ.

ಮಾರಾಟಗಾರರಿಗೆ ಇದರಿಂದ ಸಿಗುವ ಪಾಠ ನೇರವಾದುದು. ಗಾಜಿಗೆ ಗಾಜು ತಾಗಿದರೆ ಹೊಸ ಗೀರು ಬೀಳುತ್ತದೆ. ಎರಡು ಬಾಟಲಿಗಳನ್ನು ನಡುವೆ ಏನೂ ಇಲ್ಲದೆ ಒಟ್ಟಿಗೆ ಸುತ್ತಿ ಕಳಿಸಿದರೆ ದಾರಿಯುದ್ದಕ್ಕೂ ಒಂದು ಇನ್ನೊಂದನ್ನು ಗೀಚುತ್ತಲೇ ಇರುತ್ತದೆ. ಆಮೇಲೆ ಸಣ್ಣ ಪೆಟ್ಟೂ ಸಾಕು. ಬಳಸಿ ತೊಳೆದ ಬಾಟಲಿಗಳನ್ನು ಮತ್ತೆ ತುಂಬಿ ಕಳಿಸಿದಾಗ ಹೆಚ್ಚು ಒಡೆಯುವುದಕ್ಕೂ ಇದೇ ಕಾರಣ. ಗಾಜು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯದು. ಹೊರಗಿನಿಂದ ಪೆಟ್ಟು ಬಿದ್ದಾಗ ಗೋಡೆ ಒಳಕ್ಕೆ ಬಾಗುತ್ತದೆ, ಎಳೆತ ಬೀಳುವುದು ಒಳಮೈಯಲ್ಲಿ. ಹೊರಗೆ ಗುರುತೇ ಕಾಣದ ಬಾಟಲಿಯೊಳಗೆ ಬಿರುಕು ಇರಲು ಸಾಧ್ಯ ಎಂಬುದನ್ನು ಇದರಿಂದ ಊಹಿಸಬಹುದು. ಪಾರ್ಸಲ್ ಬಿದ್ದದ್ದು ಗೊತ್ತಾದ ಮೇಲೆ ಬಾಟಲಿ ಮೇಲ್ನೋಟಕ್ಕೆ ಚೆನ್ನಾಗಿದೆ ಎಂದು ಅದನ್ನೇ ಇನ್ನೊಬ್ಬರಿಗೆ ಕಳಿಸುವುದು ಸರಿಯಲ್ಲ.

ಕಾಯಿಯ ಮೂರು ಪದರ

ಕಲ್ಪತರು ನಾಡಿನಲ್ಲಿ ಪ್ಯಾಕಿಂಗ್ ಶಾಸ್ತ್ರದ ಉತ್ತಮ ಮಾದರಿ ಪ್ರತಿ ತೋಟದಲ್ಲೂ ನೇತಾಡುತ್ತಿದೆ. ಎತ್ತರದ ಹಳೆಯ ಮರದಲ್ಲಿ ಗೊನೆ 20 ಮೀಟರ್ ಮೇಲಿರಬಹುದು. ಅಲ್ಲಿಂದ ಕಳಚಿದ ಕಾಯಿ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬರುತ್ತದೆ. ಆದರೂ ಹೆಚ್ಚಿನ ಕಾಯಿಗಳು ಒಡೆಯುವುದಿಲ್ಲ. ಅದೇ ಕಾಯಿಯ ಮಟ್ಟೆ ಸುಲಿದು ಆಳೆತ್ತರದಿಂದ ಕಲ್ಲಿನ ಮೇಲೆ ಹಾಕಿದರೆ ಈಡುಗಾಯಿಯಂತೆ ಚೂರಾಗುತ್ತದೆ. ನಡುವಿನ ವ್ಯತ್ಯಾಸವೆಲ್ಲ ಮಟ್ಟೆಯದು.

ಹೊರಗಿನ ನುಣುಪಾದ ತೊಗಟೆ ನೀರನ್ನು ತಡೆಯುತ್ತದೆ, ಪೆಟ್ಟನ್ನು ಒಂದು ಬಿಂದುವಿನಿಂದ ಅಗಲಕ್ಕೆ ಹರಡುತ್ತದೆ. ಅದರೊಳಗೆ ಕೆಲವು ಸೆಂಟಿಮೀಟರ್ ದಪ್ಪದ ನಾರು ಮತ್ತು ಪುಡಿ. ಪೆಟ್ಟು ಬಿದ್ದಾಗ ನಾರುಗಳು ಬಾಗುತ್ತವೆ, ಒಂದರ ಮೇಲೊಂದು ಉಜ್ಜುತ್ತವೆ, ನಡುವಿನ ಪುಡಿ ಕುಗ್ಗುತ್ತದೆ. ಬಿದ್ದ ವೇಗದ ಶಕ್ತಿ ಹೀಗೆ ಸಣ್ಣ ಸಣ್ಣ ಕೆಲಸಗಳಲ್ಲಿ ಖರ್ಚಾಗುತ್ತದೆ. ನೆಲಮುಟ್ಟಿದ ಕಾಯಿ ಚೆಂಡಿನಂತೆ ಎತ್ತರಕ್ಕೆ ಪುಟಿಯದಿರುವುದೇ ಇದಕ್ಕೆ ಸಾಕ್ಷಿ. ಮೂರನೆಯದು ಚಿಪ್ಪು. ಅದು ಗಟ್ಟಿ, ಆದರೆ ಗಾಜಿನಂತೆ ಪೆಡಸಲ್ಲ. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಸಸ್ಯ ಸಂಶೋಧಕರು ಚಿಪ್ಪಿನ ರಚನೆಯನ್ನು ಸೂಕ್ಷ್ಮವಾಗಿ ನೋಡಿದಾಗ, ಅದರೊಳಗಿನ ಏಣಿಯಂತಹ ನಾಳಗಳು ಓಡುವ ಬಿರುಕನ್ನು ದಾರಿ ತಪ್ಪಿಸುತ್ತವೆ ಎಂಬುದು ಕಂಡಿತು. ನೇರವಾಗಿ ಓಡಲಾಗದ ಬಿರುಕು ಬೇಗ ದಣಿಯುತ್ತದೆ. ಭೂಕಂಪ ತಡೆಯುವ ಕಟ್ಟಡಗಳಿಗೆ ಈ ಉಪಾಯ ಬಳಸಬಹುದೇ ಎಂದು ಅವರು ಯೋಚಿಸಿದ್ದೂ ಇದೆ.

ಉಂಡೆ ಕೊಬ್ಬರಿಯಲ್ಲಿ ಈ ಮೂರು ಪದರಗಳನ್ನು ಮನುಷ್ಯ ಉದ್ದೇಶಪೂರ್ವಕವಾಗಿ ಬಳಸುತ್ತಾನೆ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಆರುತ್ತದೆ, ಅರ್ಧದಷ್ಟು ತೇವವಿದ್ದ ತಿರುಳು ಶೇ. 6ರ ಆಸುಪಾಸಿಗೆ ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗಿಟುಕು ಒಳಗೆ ಲೊಟಗುಟ್ಟುತ್ತದೆ. ಆಗ ಮಟ್ಟೆ ಸುಲಿದು, ನುರಿತ ಕೈಯವರು ಹದವಾದ ಪೆಟ್ಟಿನಲ್ಲಿ ಚಿಪ್ಪು ಬಿಡಿಸಿ, ಉಂಡೆಯನ್ನು ಹೋಳಾಗದಂತೆ ಹೊರತೆಗೆಯುತ್ತಾರೆ. ಉಂಡೆಗೆ ಬೇರೆ ಬೆಲೆ, ಎಣ್ಣೆಗೆ ಹೋಗುವ ಕೊಬ್ಬರಿಗೆ ಬೇರೆ ಬೆಲೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಕ್ವಿಂಟಾಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಇಡಿಯಾಗಿ ಉಳಿಯುವುದಕ್ಕೆ ಬೆಲೆ ಇದೆ ಎಂಬುದನ್ನು ಇಲ್ಲಿನ ಮಾರುಕಟ್ಟೆ ಕೊರಿಯರ್ ಬರುವ ಎಷ್ಟೋ ಮೊದಲೇ ಬಲ್ಲದು.

ಅಲುಗಾಟ, ಹೊರೆ, ತೇವ

ಬೀಳುವ ಪೆಟ್ಟು ಎಲ್ಲರ ಗಮನಕ್ಕೂ ಬರುತ್ತದೆ. ಲಾರಿಯ ಅಲುಗಾಟ ಯಾರ ಗಮನಕ್ಕೂ ಬರುವುದಿಲ್ಲ. ಸ್ಪ್ರಿಂಗ್ ಪಟ್ಟಿಗಳ ಮೇಲೆ ನಿಂತ ಲಾರಿ ಸೆಕೆಂಡಿಗೆ ಎರಡರಿಂದ ಐದು ಸಲ ಮೇಲೆ ಕೆಳಗೆ ಆಡುತ್ತದೆ. ಅದರ ಜೊತೆಗೆ ಟೈರು ಮತ್ತು ಚೌಕಟ್ಟಿನ ಇನ್ನೂ ವೇಗದ ನಡುಕ ಸೇರುತ್ತದೆ. ಒಂದು ರಾತ್ರಿಯ ಪ್ರಯಾಣದಲ್ಲಿ ಇಂತಹ ಕುಲುಕಾಟ ಲಕ್ಷ ಸಲ ದಾಟುತ್ತದೆ. ಪ್ರತಿ ಮೆತ್ತೆಗೂ, ಅದರ ಮೇಲೆ ಕೂತ ಸರಕಿಗೂ ಸೇರಿ ತನ್ನದೇ ಒಂದು ಸಹಜ ಲಯ ಇರುತ್ತದೆ. ಲಾರಿಯ ಲಯ ಅದಕ್ಕೆ ಹೊಂದಿಕೊಂಡರೆ ಅಲುಗಾಟ ಕುಗ್ಗುವ ಬದಲು ಹಿಗ್ಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸಣ್ಣದಾಗಿ ತಳ್ಳುತ್ತಾ ಹೋದರೆ ಅದು ಮೇಲಕ್ಕೇರುವಂತೆ. ಮುಚ್ಚಳ ಸಡಿಲವಾಗುವುದು, ಲೇಬಲ್ ಉಜ್ಜಿ ಹೋಗುವುದು, ಚಿಪ್ಪಿನ ದೀಪದ ಅಂಟು ಬಿಡುವುದು ಹೆಚ್ಚಾಗಿ ಬಿದ್ದು ಅಲ್ಲ, ಹೀಗೆ ಅಲುಗಿ.

ಅಲುಗಾಟದ ಇನ್ನೊಂದು ಕೆಲಸ ಸರಕನ್ನು ಜಾಗ ಬಿಡಿಸುವುದು. ಸಡಿಲವಾದ ಹಗುರ ತುಂಬುವಿಕೆಯ ನಡುವೆ ಇಟ್ಟ ಭಾರದ ಬಾಟಲಿ ಅಲುಗುತ್ತಾ ಅಲುಗುತ್ತಾ ಕೆಳಗಿಳಿಯುತ್ತದೆ. ಹೊರಟಾಗ ಎಲ್ಲ ಬದಿಗೂ ಐದು ಸೆಂಟಿಮೀಟರ್ ಮೆತ್ತೆ ಇದ್ದ ಬಾಟಲಿ, ತಲುಪುವ ಹೊತ್ತಿಗೆ ಪೆಟ್ಟಿಗೆಯ ತಳಕ್ಕೆ ತಾಗಿ ಕೂತಿರಬಹುದು. ಆದ್ದರಿಂದ ತುಂಬುವ ವಸ್ತು ಎಷ್ಟು ದಪ್ಪ ಇದೆ ಎಂಬಷ್ಟೇ ಮುಖ್ಯ ಅದು ಸರಕನ್ನು ಹಿಡಿದಿಟ್ಟಿದೆಯೇ ಎಂಬುದು. ಕಾಯಿಯನ್ನು ಅಲುಗಿಸಿದಾಗ ಸದ್ದು ಬಂದರೆ ಕೊಬ್ಬರಿ ಆಯಿತೆಂದು ಅರ್ಥ. ಪೆಟ್ಟಿಗೆಯನ್ನು ಅಲುಗಿಸಿದಾಗ ಸದ್ದು ಬಂದರೆ ಪ್ಯಾಕಿಂಗ್ ಆಗಿಲ್ಲವೆಂದು ಅರ್ಥ.

ಮೂರನೆಯದು ಹೊರೆ. ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಸುಕ್ಕುರಟ್ಟಿನ ಪೆಟ್ಟಿಗೆ ಈ ಭಾರವನ್ನು ಹೊರುವುದು ಮುಖ್ಯವಾಗಿ ತನ್ನ ನಾಲ್ಕು ನಿಲುವು ಮೂಲೆಗಳಿಂದ, ಮನೆಯ ಕಂಬಗಳಂತೆ. ಮೂಲೆ ನಜ್ಜಾದ ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸುವುದು ಕಂಬ ಮುರಿದ ಮನೆಯಲ್ಲಿ ಇರುವಂತೆ. ಪೆಟ್ಟಿಗೆ ತುಂಬದಷ್ಟು ಖಾಲಿ ಬಿಟ್ಟರೂ ಮೇಲ್ಮುಚ್ಚಳ ಕುಸಿದು ಮೂಲೆಗಳು ಸೋಲುತ್ತವೆ.

ಈ ಬಲವನ್ನು ತೇವ ಕದಿಯುತ್ತದೆ. ಕಾಗದದ ನಾರು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 50ರಿಂದ ಶೇ. 90ಕ್ಕೆ ಏರಿದಾಗ ರಟ್ಟಿನ ಪೆಟ್ಟಿಗೆ ತನ್ನ ಹೊರುವ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ತಿಪಟೂರಿನ ಬಯಲುಸೀಮೆಯ ಒಣ ಹವೆಯಲ್ಲಿ ಗಟ್ಟಿಯಾಗಿ ನಿಂತ ಪೆಟ್ಟಿಗೆ ಜುಲೈ ತಿಂಗಳ ಮಂಗಳೂರಿನಲ್ಲೋ ಮುಂಬೈಯಲ್ಲೋ ಅದೇ ಗಟ್ಟಿತನ ತೋರುವುದಿಲ್ಲ. ಕರಾವಳಿಗೆ, ಮಳೆಗಾಲದಲ್ಲಿ ಹೋಗುವ ಸರಕಿಗೆ ಒಂದು ಪದರ ಹೆಚ್ಚಿನ ರಟ್ಟು ಬೇಕು. ಉಂಡೆ ಕೊಬ್ಬರಿಗಂತೂ ತೇವ ಇಮ್ಮಡಿ ಶತ್ರು: ಪೆಟ್ಟಿಗೆ ಸೋಲುತ್ತದೆ, ಒಳಗಿನ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ.

ಎಣ್ಣೆ ಹಿಗ್ಗುವ ಲೆಕ್ಕ

ಕೆಲವು ಬಾಟಲಿಗಳು ಬೀಳದೆಯೇ ಸೋರುತ್ತವೆ, ಪೆಟ್ಟು ತಿನ್ನದೆಯೇ ಬಿರಿಯುತ್ತವೆ. ಕಾರಣ ಉಷ್ಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ತಿಪಟೂರಿನಲ್ಲಿ ಬಾಟಲಿಯ ಎಣ್ಣೆ ಬೆಣ್ಣೆಯಂತೆ ಕೂತಿರುವುದು ಎಲ್ಲ ಮನೆಯ ಅನುಭವ. ನೀರು ಹೆಪ್ಪಾಗುವಾಗ ಶೇ. 9ರಷ್ಟು ಹಿಗ್ಗಿ ಬಾಟಲಿಯನ್ನು ಸೀಳುತ್ತದೆ. ಎಣ್ಣೆ ಅದಕ್ಕೆ ವಿರುದ್ಧ, ಹೆಪ್ಪಾಗುವಾಗ ಕುಗ್ಗುತ್ತದೆ, ಕರಗುವಾಗ ಹಿಗ್ಗುತ್ತದೆ. ಆದ್ದರಿಂದ ದಿಲ್ಲಿಯ ಚಳಿ ಎಣ್ಣೆಯ ಬಾಟಲಿಯನ್ನು ಒಡೆಯುವುದಿಲ್ಲ. ಒಡೆಯುವುದು ಚಳಿಯಲ್ಲಿ ಕಂಠದವರೆಗೆ ತುಂಬಿದ ಬಾಟಲಿ ಆಮೇಲೆ ಬಿಸಿಲು ಕಂಡಾಗ.

ಕರಗಿದ ಎಣ್ಣೆಯೂ ಬಿಸಿಯಾದಷ್ಟೂ ಹಿಗ್ಗುತ್ತಲೇ ಹೋಗುತ್ತದೆ. 28 ಡಿಗ್ರಿಯಲ್ಲಿ ತುಂಬಿದ ಅರ್ಧ ಲೀಟರ್ ಎಣ್ಣೆ ಬೇಸಿಗೆಯ ಮುಚ್ಚಿದ ವಾಹನದಲ್ಲಿ 48 ಡಿಗ್ರಿಗೆ ಏರಿದರೆ ಸುಮಾರು ಏಳು ಮಿಲಿಲೀಟರ್ ಹೆಚ್ಚಾಗುತ್ತದೆ. ಗಾಜು ಹಿಗ್ಗುವುದು ಅದರಲ್ಲಿ ಲೆಕ್ಕಕ್ಕೆ ಬಾರದಷ್ಟು. ಆ ಏಳು ಮಿಲಿಲೀಟರಿಗೆ ಬಾಟಲಿಯ ಕಂಠದಲ್ಲಿ ಜಾಗ ಇಲ್ಲದಿದ್ದರೆ ಎಣ್ಣೆ ಮುಚ್ಚಳವನ್ನು ತಳ್ಳಿ ಸೋರುತ್ತದೆ, ಮುಚ್ಚಳ ಬಿಗಿಯಾಗಿದ್ದರೆ ಗಾಜನ್ನು ಎಳೆಯುತ್ತದೆ. ಗಾಳಿ ಕುಗ್ಗಬಲ್ಲದು, ಎಣ್ಣೆ ಕುಗ್ಗದು. ಹಾಗಾಗಿ ಎಣ್ಣೆಯನ್ನು ಪೂರ್ತಿ ಕರಗಿದ ಸ್ಥಿತಿಯಲ್ಲೇ ತುಂಬಿ, ಬಾಟಲಿಯ ಒಟ್ಟು ಹಿಡಿತದ ಶೇ. 4ರಿಂದ 5ರಷ್ಟು ಜಾಗವನ್ನು ಗಾಳಿಗೆ ಬಿಡುವುದು ಒಳ್ಳೆಯ ಅಭ್ಯಾಸ. ಇದಕ್ಕೆ ಖರ್ಚಿಲ್ಲ, ಸ್ವಲ್ಪ ದೊಡ್ಡ ಬಾಟಲಿಯ ಆಯ್ಕೆ ಮಾತ್ರ ಬೇಕು.

ಯಾವ ಮೆತ್ತೆ, ಎಷ್ಟು ಮೆತ್ತೆ

ಸಾಗಣೆಯ ಮೆತ್ತೆಗಳ ಇತಿಹಾಸದಲ್ಲಿ ಗಾಜಿನದೇ ದೊಡ್ಡ ಪಾತ್ರ. ಅಮೆರಿಕದ ಆಲ್ಬರ್ಟ್ ಜೋನ್ಸ್ 1871ರಲ್ಲಿ ಸುಕ್ಕು ಮಾಡಿದ ಕಾಗದಕ್ಕೆ ಪೇಟೆಂಟ್ ಪಡೆದದ್ದು ಬಾಟಲಿ ಮತ್ತು ದೀಪದ ಗಾಜುಗಳನ್ನು ಸುತ್ತಲಿಕ್ಕೆ. ಅದಕ್ಕೆ ಸಪಾಟು ಹಾಳೆ ಅಂಟಿಸಿ ಗಟ್ಟಿ ಮಾಡಿದ್ದು 1874ರಲ್ಲಿ. ಗಾಳಿಗುಳ್ಳೆಗಳ ಹಾಳೆ, ಎಂದರೆ ಬಬಲ್ ರ‍್ಯಾಪ್, 1957ರಲ್ಲಿ ಗೋಡೆಗೆ ಅಂಟಿಸುವ ಹಾಳೆ ಮಾಡಲು ಹೊರಟ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಅವರ ಕೈಯಲ್ಲಿ ಹುಟ್ಟಿತು. ಐಬಿಎಂ ಕಂಪನಿ ತನ್ನ ಕಂಪ್ಯೂಟರುಗಳನ್ನು ಸುತ್ತಿ ಕಳಿಸಲು ಬಳಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು.

ಮೆತ್ತೆ ಬಹಳ ಮೆದುವಾದರೂ ಕೆಲಸಕ್ಕೆ ಬಾರದು, ಬಹಳ ಗಟ್ಟಿಯಾದರೂ ಬಾರದು. ಮೆದು ಮೆತ್ತೆ ಪೂರ್ತಿ ಅಮುಕಿಕೊಂಡು ಬಾಟಲಿ ತಳಕ್ಕೆ ಬಡಿಯುತ್ತದೆ. ಗಟ್ಟಿ ಮೆತ್ತೆ ಕುಸಿಯುವುದೇ ಇಲ್ಲ. ಭಾರವಾದ ಬಾಟಲಿಯ ಸಣ್ಣ ತಳದ ಅಡಿ ಒಂದೇ ಸುತ್ತು ಬಬಲ್ ರ‍್ಯಾಪ್ ಇಟ್ಟರೆ ಗುಳ್ಳೆಗಳು ಒಂದೇ ಪೆಟ್ಟಿಗೆ ಒಡೆದು, ಎರಡನೇ ಪೆಟ್ಟಿಗೆ ಬರೀ ಪ್ಲಾಸ್ಟಿಕ್ ಹಾಳೆ ಉಳಿಯುತ್ತದೆ. ಯಾವ ಮೆತ್ತೆಯೂ ತನ್ನ ದಪ್ಪದಷ್ಟು ಕುಸಿಯಲಾರದು. ಅರ್ಧದಷ್ಟು ಕುಸಿದರೆ ಹೆಚ್ಚು. ಎರಡು ಸೆಂಟಿಮೀಟರ್ ನಿಲ್ಲುವ ದೂರ ಬೇಕೆಂದರೆ ನಾಲ್ಕೈದು ಸೆಂಟಿಮೀಟರ್ ಮೆತ್ತೆ ಬೇಕು, ಅದೂ ಆರೂ ಬದಿಗೆ.

ಈ ತಾಲ್ಲೂಕುಗಳಲ್ಲಿ ಇಂತಹ ಮೆತ್ತೆ ರಾಶಿ ಬಿದ್ದಿದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಶೇ. 40ಕ್ಕೂ ಹೆಚ್ಚು. ಹಾಗಾಗಿ ಅದು ಬೇಗ ಕೊಳೆಯದು. ಸೆಣಬಿನ ಎಳೆ ಶೇ. 2ರಷ್ಟೂ ಹಿಗ್ಗದೆ ತುಂಡಾಗುತ್ತದೆ, ತೆಂಗಿನ ನಾರು ಶೇ. 15ಕ್ಕಿಂತ ಹೆಚ್ಚು ಹಿಗ್ಗಿದ ಮೇಲೇ ಹರಿಯುತ್ತದೆ. ಸುರುಳಿ ಮಾಡಿದ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಬೇಯಿಸಿದ ಹಾಳೆಗಳು ಹಾಸಿಗೆಗೂ ಪ್ಯಾಕಿಂಗಿಗೂ ಹಿಂದಿನಿಂದ ಬಳಕೆಯಲ್ಲಿವೆ. ಅದು ಪೆಟ್ಟಿನ ಮೇಲೆ ಪೆಟ್ಟು ಬಿದ್ದರೂ ಮತ್ತೆ ಮೇಲೇಳುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ. ಹಸಿ ನಾರು ಬೂಷ್ಟು ತರುತ್ತದೆ, ಆದ್ದರಿಂದ ಚೆನ್ನಾಗಿ ಒಣಗಿ, ಪುಡಿ ಝಾಡಿಸಿದ ನಾರು ಮಾತ್ರ ಬಳಸಬೇಕು. ನಾರಿನ ಪುಡಿಯನ್ನು, ಎಂದರೆ ಕೋಕೋಪೀಟನ್ನು, ತುಂಬುವಿಕೆಯಾಗಿ ಬಳಸಬಾರದು: ಅದು ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಅಲುಗಾಟದಲ್ಲಿ ಕೆಳಗೆ ಕೂರುತ್ತದೆ, ತಿನ್ನುವ ವಸ್ತುವಿಗೆ ಅಂಟುತ್ತದೆ.

ಕ್ರಮ ಹೀಗಿದ್ದರೆ ಒಳ್ಳೆಯದು. ಮುಚ್ಚಳದ ಸುತ್ತ ಟೇಪು, ಬಾಟಲಿಗೆ ಎಣ್ಣೆ ಹೊರಬಾರದ ಪ್ಲಾಸ್ಟಿಕ್ ಚೀಲ. ಅದರ ಮೇಲೆ ಕಾಗದ ಅಥವಾ ಬಬಲ್ ರ‍್ಯಾಪ್. ಅದು ಬಿಗಿಯಾಗಿ ಕೂರುವ ಒಳಪೆಟ್ಟಿಗೆ, ಎರಡು ಬಾಟಲಿ ಇದ್ದರೆ ನಡುವೆ ರಟ್ಟಿನ ಅಡ್ಡಗೋಡೆ. ಒಳಪೆಟ್ಟಿಗೆ ಮತ್ತು ಹೊರಪೆಟ್ಟಿಗೆಯ ನಡುವೆ ಆರೂ ಬದಿಗೆ ನಾರಿನ ಹಾಳೆ. ಮೇಲಿನ ಮತ್ತು ಕೆಳಗಿನ ಬಾಯಿಗೆ ನಡುವಿನ ಜೋಡಣೆಯಲ್ಲದೆ ಎರಡು ಅಂಚಿಗೂ ಟೇಪು. ತೊಗಟೆ, ಮಟ್ಟೆ, ಚಿಪ್ಪು ಎಂಬ ಕ್ರಮವೇ ಇಲ್ಲಿ ಹೊರರಟ್ಟು, ನಾರು, ಒಳರಟ್ಟು ಆಗಿದೆ. ಒಡೆಯುವ ವಸ್ತು ಎಂಬ ಚೀಟಿ ಅಂಟಿಸುವುದು ತಪ್ಪಲ್ಲ. ಆದರೆ ಓಡುವ ಪಟ್ಟಿಗೂ ಇಳಿಜಾರಿನ ತಗಡಿಗೂ ಓದಲು ಬಾರದು.

ಹೊಸ ಪ್ಯಾಕಿಂಗನ್ನು ಗಿರಾಕಿಯ ಮೇಲೆ ಪ್ರಯೋಗ ಮಾಡಬಾರದು, ಅಂಗಳದಲ್ಲಿ ಮಾಡಬೇಕು. ಅಂತರರಾಷ್ಟ್ರೀಯ ಸಾಗಣೆ ಪರೀಕ್ಷೆಗಳಲ್ಲಿ ಹತ್ತು ಕಿಲೋ ಒಳಗಿನ ಪಾರ್ಸಲ್ಲಿಗೆ ಒಂದು ಸರಳ ವಿಧಾನ ಇದೆ: 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಗಟ್ಟಿ ನೆಲಕ್ಕೆ ಬಿಡುವುದು. ಒಂದು ಸಲ ಮೂಲೆಯ ಮೇಲೆ, ಆ ಮೂಲೆಗೆ ಸೇರುವ ಮೂರು ಅಂಚುಗಳ ಮೇಲೆ ಒಂದೊಂದು ಸಲ, ಆರು ಮುಖಗಳ ಮೇಲೆ ಒಂದೊಂದು ಸಲ. ರಜೆಯ ಒಂದು ಮಧ್ಯಾಹ್ನ ಸಾಕು, ಎಣ್ಣೆಯ ಬದಲು ನೀರು ತುಂಬಿದ ಬಾಟಲಿ ಸಾಕು. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ 1966ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ ಇದೆ. ಆಹಾರದ ಪ್ಯಾಕಿಂಗಿನ ಸಂಶೋಧನೆಗೆ 1950ರಲ್ಲಿ ಆರಂಭವಾದ ಮೈಸೂರಿನ ಸಿಎಫ್‌ಟಿಆರ್‌ಐ ಇದೆ.

ಒಡೆದ ಮೇಲೆ

ಎಷ್ಟೇ ಜೋಪಾನ ಮಾಡಿದರೂ ಕೆಲವು ಒಡೆಯುತ್ತವೆ. ಆಗ ಮೊದಲ ಕೆಲಸ ಗಿರಾಕಿಯ ಕೈಗೆ ಗಾಯವಾಗದಂತೆ ನೋಡುವುದು: ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಉಳಿದ ಎಣ್ಣೆ ಬಳಸಬೇಡಿ ಎಂದು ತಿಳಿಸುವುದು. ಗಾಜು ಒಡೆದ ಬಾಟಲಿಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರೂ ಕಣ್ಣಿಗೆ ಕಾಣದ ಚೂರು ಉಳಿಯಬಲ್ಲದು. ಅದು ತಿನ್ನಲೂ ತಲೆಗೆ ಹಚ್ಚಲೂ ಯೋಗ್ಯವಲ್ಲ. ಒಡೆದ ಗಾಜನ್ನು ವಾಪಸು ಕಳಿಸಿ ಎಂದು ಕೇಳುವುದೂ ಸರಿಯಲ್ಲ.

ಎರಡನೆಯ ಕೆಲಸ ಸಾಕ್ಷ್ಯ. ಹೊರಪೆಟ್ಟಿಗೆಯ ಆರೂ ಮುಖ, ವಿಳಾಸದ ಚೀಟಿ, ಒಳಗಿನ ಮೆತ್ತೆ, ಒಡೆದ ವಸ್ತು, ಇಷ್ಟರ ಫೋಟೊ ಸಾಕು. ಈ ಫೋಟೊಗಳು ಪರಿಹಾರ ಕೇಳಲು ಮಾತ್ರ ಅಲ್ಲ, ಕಾರಣ ಓದಲೂ ಬೇಕು. ಒಂದು ಬಿಂದುವಿನಿಂದ ನಕ್ಷತ್ರದಂತೆ ಬಿರುಕು ಹರಡಿದ್ದು, ಅದೇ ಜಾಗದಲ್ಲಿ ಪೆಟ್ಟಿಗೆ ತಗ್ಗಾಗಿದ್ದರೆ ಅದು ಬಿದ್ದ ಪೆಟ್ಟು. ಪೆಟ್ಟಿಗೆಯ ನಿಲುವು ಗೋಡೆಗಳು ಉಬ್ಬಿ ಮಡಿಸಿದ್ದರೆ ಅದು ಮೇಲಿನ ಹೊರೆ. ಪೆಟ್ಟಿಗೆಗೆ ಏನೂ ಆಗದೆ ಅಕ್ಕಪಕ್ಕದ ಎರಡು ಬಾಟಲಿಗಳು ಒಂದೇ ಎತ್ತರದಲ್ಲಿ ಬಿರುಕುಬಿಟ್ಟಿದ್ದರೆ ಅವು ಒಂದಕ್ಕೊಂದು ತಾಗಿವೆ. ಗಾಜು ಇಡಿಯಾಗಿದ್ದು ಕಂಠದಲ್ಲಿ ಎಣ್ಣೆ ಇಳಿದಿದ್ದರೆ ಮುಚ್ಚಳವನ್ನು, ತುಂಬಿದ ಮಟ್ಟವನ್ನು ನೋಡಬೇಕು. ಚೂರುಗಳ ಸಂಖ್ಯೆಯೂ ಮಾತಾಡುತ್ತದೆ. ಬಲವಾದ ಪೆಟ್ಟು ಬಿರುಕನ್ನು ಕವಲು ಕವಲಾಗಿ ಒಡೆದು ಹಲವು ಚೂರು ಮಾಡುತ್ತದೆ. ಎರಡೇ ಮೂರು ತುಂಡಾಗಿದ್ದರೆ ಪೆಟ್ಟು ಸಣ್ಣದು, ಗಾಜಿನ ಮೈಯಲ್ಲೇ ಮೊದಲು ಗೀರಿತ್ತು ಎಂಬ ಅನುಮಾನಕ್ಕೆ ಎಡೆ ಇದೆ.

ಮೂರನೆಯದು ಹೊಣೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸರಕು ದೋಷಪೂರಿತವಾಗಿದ್ದರೆ ಮಾರಾಟಗಾರರು ವಾಪಸು ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸಾಗಣೆದಾರರೊಂದಿಗಿನ ಲೆಕ್ಕ ಬೇರೆ. 2007ರ ರಸ್ತೆ ಸಾಗಣೆ ಕಾಯ್ದೆಯ ಅಡಿಯಲ್ಲಿ, ಸರಕಿನ ಬೆಲೆಯನ್ನು ಮೊದಲೇ ಘೋಷಿಸದಿದ್ದರೆ ಲಾರಿ ಸಾಗಣೆದಾರರ ಹೊಣೆಗೆ ಮಿತಿ ಇದೆ. ದಾವೆಗೆ ಮೊದಲು, ಬುಕಿಂಗ್ ಆದ 180 ದಿನದೊಳಗೆ ಬರಹದಲ್ಲಿ ನೋಟಿಸು ಕೊಡಬೇಕು. ಕೊರಿಯರ್ ಕಂಪನಿಗಳ ಒಪ್ಪಂದದಲ್ಲಿ ದೂರಿನ ಅವಧಿ ಇನ್ನೂ ಬಹಳ ಚಿಕ್ಕದಿರಬಹುದು. ಸರಕು ಕಳಿಸುವ ಮೊದಲೇ ಅದನ್ನು ಓದಿ, ಬೆಲೆಬಾಳುವ ಪಾರ್ಸಲ್ಲಿಗೆ ಬೆಲೆ ಘೋಷಿಸಿ ವಿಮೆ ಮಾಡಿಸುವುದು ಕ್ಷೇಮ. ಆದರೆ ಸಾಗಣೆದಾರರಿಂದ ಹಣ ಬಂದ ಮೇಲೆ ಕೊಡುತ್ತೇವೆ ಎಂದು ಗಿರಾಕಿಯನ್ನು ಕಾಯಿಸುವುದು ನ್ಯಾಯವಲ್ಲ. ಅವರು ಹಣ ಕೊಟ್ಟಿರುವುದು ಇಡೀ ಬಾಟಲಿಗೆ.

ನಷ್ಟದ ಪುಸ್ತಕ

ಕೊನೆಯ ಕೆಲಸ ಎಣಿಸುವುದು. ಒಂದು ನೋಟ್ ಪುಸ್ತಕದಲ್ಲಿ ಕಳಿಸಿದ ದಿನ, ಊರು, ಪ್ಯಾಕಿಂಗಿನ ಬಗೆ, ಒಡೆದದ್ದು ಹೌದೋ ಅಲ್ಲವೋ, ಕಾರಣ ಏನು ಎಂದು ಬರೆದರೆ ಕೆಲವೇ ತಿಂಗಳಲ್ಲಿ ಚಿತ್ರ ತಿಳಿಯಾಗುತ್ತದೆ. ಉದಾಹರಣೆಗೆ, ಎಣ್ಣೆ, ಬಾಟಲಿ, ಸಾಗಣೆ ಸೇರಿ ಒಂದು ಪಾರ್ಸಲ್ ಒಡೆದರೆ 480 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಬಹುದು. ನೂರರಲ್ಲಿ ಐದು ಒಡೆದರೆ ಪ್ರತಿ ಪಾರ್ಸಲ್ಲಿನ ಮೇಲೆ ಬೀಳುವ ಹೊರೆ 24 ರೂಪಾಯಿ. ಪಾರ್ಸಲ್ಲಿಗೆ 12 ರೂಪಾಯಿ ಹೆಚ್ಚು ಖರ್ಚು ಮಾಡಿ ಒಡೆಯುವುದನ್ನು ನೂರಕ್ಕೆ ಒಂದಕ್ಕೆ ಇಳಿಸಿದರೆ ಒಟ್ಟು ಹೊರೆ 17 ರೂಪಾಯಿಗೂ ಕಡಿಮೆ. ಮುರಿಯದೆ ಉಳಿದ ಗಿರಾಕಿಯ ನಂಬಿಕೆ ಈ ಲೆಕ್ಕದ ಹೊರಗಿನ ಲಾಭ.

ಎಣಿಕೆಯಲ್ಲಿ ಆತುರವೂ ಸಲ್ಲದು. ಹೊಸ ಪ್ಯಾಕಿಂಗಿನಲ್ಲಿ ಇಪ್ಪತ್ತು ಪಾರ್ಸಲ್ ಹೋಗಿ ಒಂದೂ ಒಡೆಯಲಿಲ್ಲ ಎಂದರೆ ಇನ್ನು ಒಡೆಯುವುದೇ ಇಲ್ಲ ಎಂದಲ್ಲ. ಒಂದೂ ಒಡೆಯದಿದ್ದಾಗ, ಮೂರನ್ನು ಕಳಿಸಿದ ಸಂಖ್ಯೆಯಿಂದ ಭಾಗಿಸಿದರೆ ಒಡೆಯುವ ಪ್ರಮಾಣ ಎಷ್ಟರವರೆಗೆ ಇರಬಹುದು ಎಂಬ ಮೇಲಿನ ಅಂದಾಜು ಸಿಗುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಒಂದು ಸುಲಭ ಸೂತ್ರ. ಇಪ್ಪತ್ತಕ್ಕೆ ಅದು ಶೇ. 15, ನೂರಕ್ಕೆ ಶೇ. 3, ಮುನ್ನೂರಕ್ಕೆ ಶೇ. 1. ಮುನ್ನೂರು ಪಾರ್ಸಲ್ ಇಡಿಯಾಗಿ ತಲುಪಿದ ಮೇಲೆ ಮಾತ್ರ ಆ ಪ್ಯಾಕಿಂಗನ್ನು ನಂಬಬಹುದು. ಊರು, ಹಂಗಾಮು, ಬಾಟಲಿಯ ಆಕಾರ ಬದಲಾದರೆ ಮತ್ತೆ ಒಂದರಿಂದ ಎಣಿಕೆ ಶುರುಮಾಡಬೇಕು.